ದ್ರೌಪದಿ ನಕ್ಕಿದ್ದಕ್ಕೇ ಯುದ್ಧ ಆಯ್ತಾ?

ನಾನು ಮಹಾಭಾರತ ಓದುವವನು ಅಂತ ಗೊತ್ತಾದರೆ ಸಾಕು, ಮದುವೆ ಊಟದ ಪಂಕ್ತಿಯಲ್ಲೂ ಈ ಪ್ರಶ್ನೆ ಬರುತ್ತದೆ. "ಆ ದ್ರೌಪದಿ ಸುಮ್ನೆ ಇದ್ದಿದ್ದರೆ ಇಷ್ಟೆಲ್ಲ ಆಗ್ತಾನೇ ಇರಲಿಲ್ಲ ಅಲ್ವಾ? ದುರ್ಯೋಧನ ನೀರಿಗೆ ಬಿದ್ದಾಗ ನಕ್ಕಳು, ಕುರುಡನ ಮಗ ಕುರುಡ ಅಂದಳು, ಅದಕ್ಕೇ ತಾನೇ ಯುದ್ಧ?"

ಕುರುಡನ ಮಾತು ವ್ಯಾಸರ ಭಾರತದಲ್ಲಿ ಅವಳ ಬಾಯಿಂದ ಬರುವುದೇ ಇಲ್ಲ. ಟೀವಿ ನೋಡಿ ಬೆಳೆದವರಿಗೆ ಇದನ್ನು ನಂಬಿಸುವುದು ಕಷ್ಟ.

ಇನ್ನು ನಗು. ಸಭಾಪರ್ವದಲ್ಲಿ ಈ ಪ್ರಸಂಗ ಎರಡು ಸಲ ಬರುತ್ತದೆ. ಮೊದಲ ಸಲ ಕಥೆ ಹೇಳುವವನೇ ಹೇಳುತ್ತಾನೆ. ಅಸುರರ ಶಿಲ್ಪಿ ಮಯ ಪಾಂಡವರಿಗೆ ಕಟ್ಟಿಕೊಟ್ಟ ಸಭೆ. ದುರ್ಯೋಧನ ನೆಲ ಅಂದುಕೊಂಡು ಕೊಳಕ್ಕೆ ಕಾಲಿಟ್ಟ, ಬಟ್ಟೆ ಸಮೇತ ಬಿದ್ದ. ಭೀಮ ನಕ್ಕ, ಅರ್ಜುನ ನಕ್ಕ, ನಕುಲ ಸಹದೇವರು ನಕ್ಕರು, ಆಳುಗಳೂ ನಕ್ಕರು. ದ್ರೌಪದಿಯ ಹೆಸರೇ ಇಲ್ಲ. ಎರಡನೇ ಸಲ ದುರ್ಯೋಧನನೇ ಅಪ್ಪನ ಮುಂದೆ ದೂರು ಹೇಳುತ್ತಾನೆ. ಆಗ ನಕ್ಕವರ ಪಟ್ಟಿ ಬೆಳೆಯುತ್ತದೆ. ಕೃಷ್ಣನೂ ನಕ್ಕನಂತೆ, ದ್ರೌಪದಿ ಹೆಂಗಸರ ಜೊತೆ ಸೇರಿಕೊಂಡು ನಕ್ಕಳಂತೆ. ತಮಾಷೆ ಏನೆಂದರೆ, ರಾಜಸೂಯ ಮುಗಿಸಿ ಕೃಷ್ಣ ದ್ವಾರಕೆಗೆ ಹೊರಟುಹೋದ ಮೇಲೆ ದುರ್ಯೋಧನ, ಶಕುನಿ ಇಬ್ಬರೇ ಆ ಸಭೆಯಲ್ಲಿ ಉಳಿದರು ಅಂತ ವ್ಯಾಸರು ಮೊದಲೇ ಹೇಳಿಬಿಟ್ಟಿದ್ದಾರೆ. ಅಪ್ಪನ ಹತ್ತಿರ ಅಳುತ್ತಾ ಬಂದ ಮಗ ಒಂದಕ್ಕೆರಡು ಸೇರಿಸಿ ಹೇಳುವುದನ್ನು ನಾವು ನೋಡಿಲ್ಲವೇ?

ಅವಳು ನಕ್ಕಳು ಅಂತಲೇ ಇಟ್ಟುಕೊಳ್ಳೋಣ. ಭೀಮನಿಗೆ ವಿಷ ಹಾಕಿ ಗಂಗೆಗೆ ತಳ್ಳಿದಾಗ ಅವಳು ಈ ಮನೆಗೆ ಸೊಸೆಯಾಗಿ ಬಂದೇ ಇರಲಿಲ್ಲ. ಅರಗಿನ ಮನೆಗೆ ಬೆಂಕಿ ಬಿದ್ದಾಗಲೂ ಸ್ವಯಂವರ ಆಗಿರಲಿಲ್ಲ. ದಾಯಾದಿ ಜಗಳಕ್ಕೆ ಸೊಸೆ ಕಾರಣ ಅನ್ನುವುದು ನಮ್ಮ ಮನೆಗಳ ಹಳೇ ಚಾಳಿ.

ಇಷ್ಟು ಹೇಳಿದರೆ ಎದುರಿಗಿದ್ದವರು ಸಮಾಧಾನದಿಂದ ತಲೆ ಆಡಿಸುತ್ತಾರೆ. "ಪಾಪ, ಅವಳದೇನೂ ತಪ್ಪಿಲ್ಲ ಬಿಡಿ." ನನಗೆ ಕಿರಿಕಿರಿ ಶುರುವಾಗುವುದು ಆಗಲೇ. ದ್ರೌಪದಿ ಪಾಪದವಳಲ್ಲ. ಅವಳಿಗೆ ಯುದ್ಧ ಬೇಕಿತ್ತು. ನಗು ಅನುಮಾನದ ಮಾತು, ಇದು ಮಾತ್ರ ಅವಳೇ ಬಾಯಿಬಿಟ್ಟು ಹೇಳಿದ್ದು.

ಉದ್ಯೋಗಪರ್ವದಲ್ಲಿ ಕೃಷ್ಣ ಸಂಧಿಗೆ ಹೊರಟಿದ್ದಾನೆ. ಧರ್ಮರಾಯನಿಗೆ ಶಾಂತಿ ಬೇಕು. ಭೀಮನೂ ಆ ಹೊತ್ತಿಗೆ ಮೆತ್ತಗಾಗಿದ್ದಾನೆ. ದ್ರೌಪದಿ ತನ್ನ ಕೂದಲನ್ನು ಎಡಗೈಯಲ್ಲಿ ಹಿಡಿದು ಕೃಷ್ಣನ ಮುಂದೆ ಬರುತ್ತಾಳೆ. ದುಶ್ಶಾಸನ ಹಿಡಿದೆಳೆದ ಕೂದಲು ಇದು, ಸಂಧಿಯ ಮಾತಾಡುವಾಗ ಇದು ನೆನಪಿರಲಿ ಅನ್ನುತ್ತಾಳೆ. ಭೀಮಾರ್ಜುನರು ಹಿಂದೆ ಸರಿದರೆ ನನ್ನ ಮುದಿ ತಂದೆ ಯುದ್ಧ ಮಾಡುತ್ತಾನೆ, ಅಭಿಮನ್ಯುವನ್ನು ಮುಂದಿಟ್ಟುಕೊಂಡು ನನ್ನ ಐದು ಮಕ್ಕಳು ಮಾಡುತ್ತಾರೆ ಅನ್ನುತ್ತಾಳೆ.

ಗಮನಿಸಿ, ಜೂಜಿನ ಸಭೆಯಲ್ಲಿ ‘ನನ್ನನ್ನು ಪಣಕ್ಕಿಡುವ ಮೊದಲೇ ಧರ್ಮರಾಯ ತನ್ನನ್ನು ಸೋತಿದ್ದನೋ’ ಎಂದು ಕೇಳಿ ಭೀಷ್ಮನನ್ನೇ ತಡವರಿಸುವಂತೆ ಮಾಡಿದವಳು ಇವಳೇ. ಧೃತರಾಷ್ಟ್ರ ವರ ಕೇಳು ಅಂದಾಗ ಮೊದಲ ವರಕ್ಕೆ ಧರ್ಮರಾಯನನ್ನು ಬಿಡಿಸಿದಳು, ಎರಡನೆಯದಕ್ಕೆ ಉಳಿದ ನಾಲ್ವರನ್ನು. ಮೂರನೆಯದು ಬೇಡ, ದುರಾಸೆ ಆಗುತ್ತದೆ ಅಂದಳು. ಅಷ್ಟು ಲೆಕ್ಕದ ಹೆಂಗಸು ಮಕ್ಕಳ ಹೆಸರನ್ನು ಯುದ್ಧದ ಲೆಕ್ಕಕ್ಕೆ ತಿಳಿಯದೆ ಸೇರಿಸಿರಲಾರಳು.

ಇಂಥವಳನ್ನು ಇಟ್ಟುಕೊಂಡು ಏನು ಮಾಡುವುದು ಅಂತ ಮುಂದಿನವರಿಗೂ ತೋಚಿಲ್ಲ ಅನ್ನಿಸುತ್ತದೆ. ನಮ್ಮ ಪಂಪನೇ ನೋಡಿ. ಸುಮಾರು 941ರಲ್ಲಿ ಭಾರತ ಬರೆಯುವಾಗ ಐದು ಗಂಡಂದಿರ ತೊಡಕೇ ಬೇಡ ಅಂತ ಅರ್ಜುನನೊಬ್ಬನಿಗೇ ಮದುವೆ ಮಾಡಿಬಿಟ್ಟ. (ಆಶ್ರಯ ಕೊಟ್ಟ ಅರಿಕೇಸರಿಯನ್ನೇ ಅರ್ಜುನ ಮಾಡಿದ ಮೇಲೆ ರಾಣಿಯನ್ನು ಹಂಚುವುದು ಹೇಗೆ, ಹೇಳಿ!) ಭಾಗವತದಲ್ಲಿ ಅವಳು ಕ್ಷಮೆಯೇ ಮೂರ್ತಿಯಾದವಳು. ಮಲಗಿದ್ದ ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ಕಟ್ಟಿ ತಂದಾಗ, ನಾನು ಅಳುವ ಹಾಗೆ ಇವನ ತಾಯಿ ಅಳುವುದು ಬೇಡ, ಬಿಟ್ಟುಬಿಡಿ ಅನ್ನುತ್ತಾಳೆ. ಚೆಂದದ ಮಾತು. ಬೆಂಗಳೂರಿನ ತಿಗಳರಪೇಟೆಯಲ್ಲಿ ಚೈತ್ರ ಹುಣ್ಣಿಮೆಗೆ ಕರಗ ಹೊರಟಾಗ ಅವಳು ಆದಿಶಕ್ತಿ, ಸುತ್ತ ಕತ್ತಿ ಹಿಡಿದ ವೀರಕುಮಾರರು. ನನಗೆ ಕ್ಷಮೆಯವಳಿಗಿಂತ ಈ ಕರಗದವಳೇ ಜಾಸ್ತಿ ಗುರುತು ಸಿಗುತ್ತಾಳೆ.

ವ್ಯಾಸರ ಸೌಪ್ತಿಕಪರ್ವದಲ್ಲಂತೂ ಕ್ಷಮೆಯ ಸುಳಿವೂ ಇಲ್ಲ. ಐದು ಮಕ್ಕಳು, ಅಣ್ಣ ಧೃಷ್ಟದ್ಯುಮ್ನ, ಎಲ್ಲ ಒಂದೇ ರಾತ್ರಿ ಹೋದರು. ತಂದೆ ದ್ರುಪದ ಅದಕ್ಕೂ ಮೊದಲೇ ದ್ರೋಣನ ಕೈಯಲ್ಲಿ ಸತ್ತಿದ್ದ. ನಕುಲ ಹೋಗಿ ಅವಳನ್ನು ಉಪಪ್ಲವ್ಯ ಅನ್ನುವ ಊರಿನಿಂದ ಕರೆತರುತ್ತಾನೆ. ಬಂದವಳು ಕುಸಿದು ಬೀಳುತ್ತಾಳೆ, ಭೀಮ ಹಿಡಿದುಕೊಳ್ಳುತ್ತಾನೆ. ಮಾತು ಬಂದಾಗ ಅವಳು ತಿರುಗುವುದು ಧರ್ಮರಾಯನ ಕಡೆಗೆ. ನಿನ್ನ ಅದೃಷ್ಟ ಮಹಾರಾಜ, ಮಕ್ಕಳನ್ನು ಯಮನಿಗೆ ಕೊಟ್ಟಾಯಿತು, ಇನ್ನು ಭೂಮಿಯನ್ನೆಲ್ಲ ಆಳು ಅನ್ನುತ್ತಾಳೆ.

ಯುದ್ಧ ಬೇಕು ಅಂದವಳೂ ಅವಳೇ ಅಲ್ವಾ? ಹೌದು. ಅಶ್ವತ್ಥಾಮನ ಪ್ರಾಣ ತೆಗೆಯಿರಿ, ಅವನ ತಲೆಯ ಮಣಿ ತಂದು ತೋರಿಸಿ, ಇಲ್ಲದಿದ್ದರೆ ಅನ್ನ ನೀರು ಬಿಟ್ಟು ಇಲ್ಲೇ ಸಾಯುತ್ತೇನೆ ಅಂತ ಕೂರುತ್ತಾಳೆ. ಜೀವ ಸಿಗಲಿಲ್ಲ, ಮಣಿ ಸಿಕ್ಕಿತು. ಭೀಮ ತಂದು ಕೊಟ್ಟ. ಅವಳು ಅದನ್ನು ತಾನು ಇಟ್ಟುಕೊಳ್ಳಲಿಲ್ಲ. ನೀನೇ ತಲೆಗೆ ಕಟ್ಟಿಕೋ ಅಂತ ಧರ್ಮರಾಯನಿಗೆ ಹೇಳಿದಳು.