ಸೋಮವಾರ ಏಳದ ಕಾರು ಮತ್ತು ಒಂದು ಕಬ್ಬಿನ ಜಲ್ಲೆ

ನಮ್ಮ ಕಾರಿನ ಎಡಗಡೆಯ ಹೆಡ್‌ಲೈಟಿನೊಳಗೆ ಮೂರು ದಿನ ಇರುವೆಗಳು ಸಂಸಾರ ಹೂಡಿದ್ದವು. ಸಕ್ಕರೆ ಡಬ್ಬಿಗೆ ಸಾಲುಗಟ್ಟುವ ಸಣ್ಣ ಕಪ್ಪು ಇರುವೆಗಳು. ಫೋಟೊ ತೆಗೆಯಲು ಬಗ್ಗಿದ ವಿಮಾ ಸರ್ವೇಯರ್ ಥಟ್ಟನೆ ಹಿಂದೆ ಸರಿದು, "ಮೇಡಂ, ಒಳಗೆ ಏನಿದೆ?" ಎಂದರು. "ಕಬ್ಬು" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಗೇಣುದ್ದದ ಜಲ್ಲೆಯೊಂದು ದೀಪದ ಗಾಜಿನಂಥ ಪ್ಲಾಸ್ಟಿಕ್ಕನ್ನು ಒಡೆದುಕೊಂಡು ಒಳಹೊಕ್ಕು ಅಲ್ಲೇ ಮುರಿದು ನಿಂತಿತ್ತು. ರಸ ಒಸರಿ ಬಂಪರ್ ಮೇಲೆ ಒಣಗಿತ್ತು.

ಕಬ್ಬಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಇದು ಆರಂಭವಾದದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, 2024ರ ಫೆಬ್ರವರಿಯಲ್ಲಿ.

ನಮ್ಮದು 2017ರ ಮಾರ್ಚ್‌ನಲ್ಲಿ ಕೊಂಡ ಸಣ್ಣ ಕಾರು, 1197 ಸಿಸಿ. ಮೈಸೂರಿನ ಕುವೆಂಪುನಗರದಿಂದ ಊರಾಚೆಯ ನಮ್ಮ ಪ್ರೌಢಶಾಲೆಗೆ ಒಂಬತ್ತು ಕಿಲೋಮೀಟರ್. ಗಣಿತದ ಟೀಚರ್‌ಗೆ ಅದಕ್ಕಿಂತ ದೊಡ್ಡ ಕಾರು ಏಕೆ? ನಮ್ಮವರು ಕಾರು ಓಡಿಸುವುದಿಲ್ಲ, ಪಕ್ಕದಲ್ಲಿ ಕುಳಿತು ಬ್ರೇಕ್ ಮಾತ್ರ ಒತ್ತುತ್ತಾರೆ. ಏಳು ವರ್ಷ ನಮಗೆ ಅದರ ಮೇಲೆ ಯಾವ ದೂರೂ ಇರಲಿಲ್ಲ. ದೂರು ಇದ್ದದ್ದು ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ. "ಚಿಕ್ಕಮ್ಮ, ಇದರಲ್ಲಿ ರೇಡಿಯೊ ಬಿಟ್ಟರೆ ಬೇರೇನೂ ಇಲ್ಲ. ದೀಪವಂತೂ ಹರಳೆಣ್ಣೆ ಹಚ್ಚಿದ ಹಾಗಿದೆ" ಎಂದು ಹಂಗಿಸಿದ. ಅಲ್ಲಿಗೆ ಹೋಗಿದ್ದ ಒಂದು ಶನಿವಾರ ಸಂಜೆ ನನ್ನನ್ನೂ ಕಾರನ್ನೂ ಜೆ.ಸಿ. ರಸ್ತೆಗೆ ಸಾಗಿಸಿದ.

ಆ ರಸ್ತೆಯನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಸೀಟ್ ಕವರ್, ಹಾರ್ನ್, ದೀಪ, ಸ್ಪೀಕರ್ ಎಂದು ಕಾರಿಗೆ ಏನು ತೊಡಿಸಬೇಕೆಂದರೂ ಅಲ್ಲಿ ಸಿಗುತ್ತದೆ. ಅಂಗಡಿಯ ಹುಡುಗರು ಫುಟ್‌ಪಾತಿನ ಪಕ್ಕದಲ್ಲೇ ಕಾರಿನ ಹೊಟ್ಟೆ ಬಗೆದು ಒಂದೂವರೆ ಗಂಟೆಯಲ್ಲಿ ಹೊಲಿದು ಕೊಡುತ್ತಾರೆ. ದೊಡ್ಡ ಪರದೆಯ ಆಂಡ್ರಾಯ್ಡ್ ಸ್ಟೀರಿಯೊ, ರಿವರ್ಸ್ ಕ್ಯಾಮೆರಾ, ಎಲ್‌ಇಡಿ ಬಲ್ಬುಗಳು, ಒಂದು ಜೊತೆ ಫಾಗ್ ಲೈಟ್. ರಾತ್ರಿ ಎಂಟಕ್ಕೆ ಹೊರಟಾಗ ಎದುರಿನ ಗೋಡೆ ಹಗಲಿನಂತೆ ಬೆಳಗಿತು. ನಿಜ ಹೇಳುತ್ತೇನೆ, ನನಗೆ ಬಹಳ ಸಂತೋಷವಾಯಿತು.

ಸಂತೋಷ ಒಂದು ವಾರ ಇತ್ತು. ಎರಡನೆಯ ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೀಲಿ ತಿರುಗಿಸಿದರೆ 'ಟಕ ಟಕ ಟಕ' ಎಂಬ ಸದ್ದು ಮಾತ್ರ ಬಂತು. ಎದುರುಮನೆಯವರು ಬೇರೆ ಬ್ಯಾಟರಿಯಿಂದ ತಂತಿ ಕೊಟ್ಟು ಜಂಪ್ ಸ್ಟಾರ್ಟ್ ಮಾಡಿಕೊಟ್ಟರು. ಮಂಗಳವಾರ ಸರಿಯಾಗಿತ್ತು, ಬುಧವಾರವೂ ಸರಿ. ಮುಂದಿನ ಸೋಮವಾರ ಮತ್ತೆ ಟಕ ಟಕ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಬರುವ ಹುಡುಗರನ್ನು ಇಪ್ಪತ್ತೆರಡು ವರ್ಷದಿಂದ ನೋಡಿದ್ದೇನೆ. ಕಾರಿಗೂ ಅದೇ ರೋಗ ಬಂದದ್ದು ಮೊದಲ ಸಲ. ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕ ಮುಂದೆ ತಳ್ಳುತ್ತಾ, "ಇವತ್ತು ಸೋಮವಾರವಲ್ಲವೇ?" ಎಂದು ನಗುವಷ್ಟು ಇದು ಪ್ರಸಿದ್ಧವಾಯಿತು.

ಸರ್ವಿಸ್ ಸೆಂಟರಿನವರು ಬ್ಯಾಟರಿ ಹೋಗಿದೆ ಎಂದರು. ನಾಲ್ಕೂವರೆ ಸಾವಿರ ಕೊಟ್ಟು ಹೊಸದು ಹಾಕಿಸಿದೆ. ಹೊಸ ಬ್ಯಾಟರಿಯೂ ಮೂರನೆಯ ಸೋಮವಾರ ಮುಷ್ಕರ ಹೂಡಿತು. ಮತ್ತೆ ಹೋದಾಗ ಕೌಂಟರಿನ ಯುವಕ ಸ್ಟೀರಿಯೊ ಕಡೆ ಕಣ್ಣು ಹಾಯಿಸಿ, "ಹೊರಗಿನ ಫಿಟಿಂಗ್ ಮೇಡಂ, ನಾವು ಕೈ ಹಾಕುವುದಿಲ್ಲ" ಎಂದ. ಬ್ಯಾಟರಿ ಮಾರುವಾಗ ಅದೇ ಸ್ಟೀರಿಯೊ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಕೊನೆಗೆ ಕಾಯಿಲೆ ಹಿಡಿದವರು ಮಂಡಿ ಮೊಹಲ್ಲಾದ ಒಂದು ಗಲ್ಲಿಯಲ್ಲಿರುವ ಆಟೊ ಎಲೆಕ್ಟ್ರಿಷಿಯನ್ ಭಾಯಿ. ಅಂಗಡಿ ಎಂದರೆ ಒಂದು ಶಟರ್, ಎರಡು ಸ್ಟೂಲ್. ಅವರು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ನಡುವೆ ಮಲ್ಟಿಮೀಟರ್ ಸೇರಿಸಿದರು. ಬಾಗಿಲು ಮುಚ್ಚಿದೆ ಎಂದು ಕಾರು ನಂಬಲೆಂದು ಬಾಗಿಲ ಚಿಲಕದೊಳಕ್ಕೆ ಸ್ಕ್ರೂಡ್ರೈವರ್ ಒತ್ತಿದರು. "ಇಪ್ಪತ್ತು ನಿಮಿಷ ಬಿಡಿ ಟೀಚರಮ್ಮ. ಕಾರು ಮಲಗಬೇಕು. ಮಲಗಿದ ಮೇಲೆ ಯಾರು ಎದ್ದಿರುತ್ತಾರೋ ಅವರೇ ಕಳ್ಳರು" ಎಂದು ಚಹಾ ತರಿಸಿದರು. ಚಹಾ ಮುಗಿದಾಗ ಮೀಟರಿನಲ್ಲಿ 0.62 ಆಂಪಿಯರ್. ಮಲಗಿದ ಕಾರು ಅದರ ಹತ್ತನೇ ಒಂದು ಭಾಗವನ್ನೂ ಕುಡಿಯಬಾರದಂತೆ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತಾ ಹೋದರು. ರೇಡಿಯೊ ಫ್ಯೂಸ್ ಕಿತ್ತ ಕ್ಷಣ ಅಂಕೆ 0.03ಕ್ಕೆ ಇಳಿಯಿತು.

ಸ್ಟೀರಿಯೊಗೆ ಎರಡು ತಂತಿಗಳಿಂದ ವಿದ್ಯುತ್ ಹೋಗುತ್ತದೆ. ಒಂದು ಸದಾ ಜೀವಂತ, ಗಡಿಯಾರ ಮತ್ತು ನೆನಪಿಗಾಗಿ. ಇನ್ನೊಂದು ಕೀಲಿ ತಿರುಗಿಸಿದಾಗ ಮಾತ್ರ ಎಚ್ಚರವಾಗುವುದು. ಜೆ.ಸಿ. ರಸ್ತೆಯ ಹುಡುಗ ಎರಡನ್ನೂ ಒಟ್ಟಿಗೆ ತಿರುಚಿ ಕಪ್ಪು ಟೇಪ್ ಸುತ್ತಿದ್ದ. ಪರದೆ ಕಪ್ಪಾಗಿ ಕಂಡರೂ ಒಳಗಿನ ಕಂಪ್ಯೂಟರ್ ಹಗಲೂ ರಾತ್ರಿ ಎದ್ದೇ ಇತ್ತು. ಲೆಕ್ಕವನ್ನು ನಾನು ಅಲ್ಲೇ ಭಾಯಿಯ ರಸೀದಿ ಪುಸ್ತಕದ ಹಿಂಬದಿ ಮಾಡಿದೆ. ಶನಿವಾರ ಅರ್ಧ ದಿನದ ಶಾಲೆ, ಹನ್ನೆರಡೂವರೆಗೆ ಕಾರು ಮನೆ ಸೇರುತ್ತದೆ. ಭಾನುವಾರ ತೆಗೆಯುವುದಿಲ್ಲ. ಸೋಮವಾರ ಎಂಟರವರೆಗೆ ನಲವತ್ತಮೂರೂವರೆ ಗಂಟೆ. 0.62ರಿಂದ ಗುಣಿಸಿದರೆ 27 ಆಂಪಿಯರ್ ಅವರ್, ಬ್ಯಾಟರಿಯ ದಾಸ್ತಾನು ಅಳೆಯುವುದು ಈ ಮಾನದಲ್ಲೇ. ನಮ್ಮ ಬ್ಯಾಟರಿ ಮೂವತ್ತೈದರದು. ಉಳಿದ ಎಂಟರಲ್ಲಿ ಎಂಜಿನ್ ತಿರುಗಿಸುವ ಶಕ್ತಿ ಎಲ್ಲಿಂದ ಬರಬೇಕು? ವಾರದ ದಿನಗಳಲ್ಲಾದರೆ ಸಂಜೆ ಐದರಿಂದ ಬೆಳಿಗ್ಗೆ ಎಂಟಕ್ಕೆ ಒಂಬತ್ತು ಚಿಲ್ಲರೆ ಮಾತ್ರ ಖರ್ಚು. ಸೋಮವಾರದ ಒಗಟು ಒಂದು ಗುಣಾಕಾರದಲ್ಲಿ ಬಿಡಿಸಿಕೊಂಡಿತು. ಭಾಯಿ ಮುನ್ನೂರು ರೂಪಾಯಿ ತೆಗೆದುಕೊಂಡರು. ಮಾರನೆಯ ದಿನ ಹತ್ತನೇ ತರಗತಿಯಲ್ಲಿ ಇದನ್ನೇ ಲೆಕ್ಕವಾಗಿ ಕೊಟ್ಟೆ. ಯಾರ ಕಾರು ಎಂದು ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ಭಾಯಿ ಅಂದೇ ಹೆಡ್‌ಲೈಟಿನ ಹಿಂಭಾಗವನ್ನೂ ತೋರಿಸಿದ್ದರು. ಎಲ್‌ಇಡಿ ಬಲ್ಬಿನ ಬಾಲಕ್ಕೆ ಸಣ್ಣ ಫ್ಯಾನ್ ಇರುತ್ತದೆ. ಅದು ಹಿಡಿಸಲೆಂದು ರಬ್ಬರ್ ಮುಚ್ಚಳವನ್ನು ಬ್ಲೇಡಿನಿಂದ ಕೊಯ್ದಿದ್ದರು. "ಇದನ್ನು ತೆಗೆಸಿಬಿಡಿ" ಎಂದರು. ನಾನು ತೆಗೆಸಲಿಲ್ಲ. ಇದರ ಬಗ್ಗೆ ನನಗೆ ಈಗಲೂ ನಾಚಿಕೆಯಿದೆ. ಹೆಡ್‌ಲೈಟಿನೊಳಗಿನ ಕನ್ನಡಿಯಂಥ ಬಟ್ಟಲನ್ನು ರೂಪಿಸಿರುವುದೇ ಹಳೆಯ ಹ್ಯಾಲೊಜೆನ್ ಬಲ್ಬಿನ ತಂತು ಎಲ್ಲಿ ಕೂರುತ್ತದೋ ಆ ಬಿಂದುವನ್ನು ಲೆಕ್ಕ ಹಾಕಿ. ಬೆಳಕಿನ ಮೂಲ ಆ ನಾಭಿಬಿಂದುವಿನಲ್ಲಿದ್ದರೆ ಕಿರಣಗಳು ಶಿಸ್ತಾಗಿ ಮುಂದೆ ಹೋಗುತ್ತವೆ, ಕೊಂಚ ಸರಿದರೂ ಎಲ್ಲೆಂದರಲ್ಲಿ ಚದುರುತ್ತವೆ. ನಿಮ್ನ ದರ್ಪಣದ ಪಾಠದಲ್ಲಿ ವಾಹನದ ಮುಂದೀಪದ ಉದಾಹರಣೆ ಮಕ್ಕಳ ಪುಸ್ತಕದಲ್ಲೇ ಇದೆ. ಎಲ್‌ಇಡಿ ಚಿಪ್ಪು ತಂತುವಿನ ಆಕಾರದ್ದೂ ಅಲ್ಲ, ತಂತುವಿನ ಜಾಗದಲ್ಲಿ ಕೂರುವುದೂ ಇಲ್ಲ. ನನಗೆ ಹಗಲಿನಂತೆ ಕಂಡ ಬೆಳಕು ಎದುರಿನವರ ಕಣ್ಣಿಗೆ ಎರಚಿದ ಖಾರದಪುಡಿ. ಅದೇ ವರ್ಷದ ಜುಲೈನಿಂದ ರಾಜ್ಯದಲ್ಲಿ ಇಂಥ ದೀಪಗಳ ಮೇಲೆ ಪೊಲೀಸರು ಕೇಸು ಹಾಕಲು ಶುರು ಮಾಡಿದ್ದರು. ಪತ್ರಿಕೆಯಲ್ಲಿ ಓದಿ, "ಒಳ್ಳೆಯ ಕೆಲಸ" ಎಂದು ನಮ್ಮವರಿಗೆ ಹೇಳಿದ ನೆನಪೂ ಇದೆ.

ಈಗ ಕಬ್ಬು. ನವೆಂಬರ್‌ನಲ್ಲಿ ಪಾಂಡವಪುರದಲ್ಲಿ ನೆಂಟರ ಗೃಹಪ್ರವೇಶ ಮುಗಿಸಿ ಶ್ರೀರಂಗಪಟ್ಟಣದ ಕಡೆ ಬರುತ್ತಿದ್ದೆವು. ರಾತ್ರಿ ಏಳೂವರೆ. ವೇಗ ಮೂವತ್ತು, ಹೆಚ್ಚೆಂದರೆ ಮೂವತ್ತೈದು. ಎದುರಿನಿಂದ ಒಂದು ಕಾರು ಬಂತು, ನನ್ನ ದೀಪದ ಒಡಹುಟ್ಟಿದಂಥ ದೀಪ ಹೊತ್ತು. ಮೂರು ಸೆಕೆಂಡು ಬಿಳಿ ಬಿಟ್ಟು ಬೇರೇನೂ ಕಾಣಲಿಲ್ಲ. ಬಿಳಿ ಸರಿದಾಗ ಮುಂದೆ ಕಬ್ಬಿನ ಗೋಡೆ ಇತ್ತು. ಹಿಂದೆ ದೀಪವಿಲ್ಲದ, ಹೊಳೆಯುವ ಪಟ್ಟಿಯೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್. ಈ ಸಲ ನಮ್ಮವರು ಒತ್ತಿದ ಬ್ರೇಕಿಗೂ ನನ್ನ ಬ್ರೇಕಿಗೂ ತಾಳ ಕೂಡಿತು, ಆದರೂ ಎಡಮೂಲೆ ತಗುಲಿತು. ಟ್ರ್ಯಾಕ್ಟರಿನವನು ಇಳಿದು ಓಡಿ ಬಂದ. "ಅಕ್ಕಾ, ಏನಾದರೂ ಪೆಟ್ಟಾಯಿತೇ?" ಎಂದ. ಇಪ್ಪತ್ತರ ಹುಡುಗ, ನನಗಿಂತ ಹೆಚ್ಚು ನಡುಗುತ್ತಿದ್ದ. ಬೈಯಬೇಕೆಂದುಕೊಂಡವಳು, "ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಅಂಟಿಸಪ್ಪಾ" ಎಂದಷ್ಟೇ ಹೇಳಿದೆ. ಅವನು ಜಲ್ಲೆ ಎಳೆಯಲು ನೋಡಿದ, ಅದು ಅರ್ಧಕ್ಕೆ ಮುರಿಯಿತು. ಉಳಿದರ್ಧವೇ ಇರುವೆಗಳ ಪಾಲಿಗೆ ಬಂದದ್ದು.

ಅಂದೇ ರಾತ್ರಿ ಕಂಪನಿಗೆ ಫೋನು ಮಾಡಿ ಕ್ಲೇಮ್ ನಂಬರ್ ಪಡೆದೆ. ಕ್ಲೇಮ್ ಅರ್ಜಿಯಲ್ಲಿ 'ಅಪಘಾತ ಹೇಗಾಯಿತು' ಎಂಬುದಕ್ಕೆ ನಾಲ್ಕು ಸಾಲು ಜಾಗವಿತ್ತು. 'ಎದುರಿನ ವಾಹನದ ಪ್ರಖರ ಬೆಳಕಿನಿಂದ' ಎಂದು ಬರೆಯುತ್ತಿದ್ದಾಗ ಪೆನ್ನು ಒಮ್ಮೆ ನಿಂತಿತು, ಮತ್ತೆ ಮುಂದುವರಿಯಿತು.

ಸರ್ವೇಯರ್ ಒಳ್ಳೆಯವರು. ಮಿತಭಾಷಿ. ಇರುವೆಗಳನ್ನು ಬಟ್ಟೆಯಿಂದ ಒರೆಸಿ ದೀಪದ ಹಿಂದೆ ಕೈ ಹಾಕಿದರು. "ಇದು ಕಂಪನಿಯ ಬಲ್ಬಲ್ಲ. ಪಾಲಿಸಿಯಲ್ಲಿ ತೋರಿಸಿದ್ದೀರಾ?" ಇಲ್ಲ. "ಫಾಗ್ ಲೈಟ್?" ಇಲ್ಲ. "ಸ್ಟೀರಿಯೊ?" ತಲೆ ತಗ್ಗಿಸಿದೆ. ಹಿಂದಿನ ಮಾರ್ಚ್‌ನಲ್ಲಿ ಮೊಬೈಲಿನಲ್ಲೇ ಪಾಲಿಸಿ ನವೀಕರಿಸಿದಾಗ 'ವಿದ್ಯುತ್ ಪರಿಕರಗಳ ಮೌಲ್ಯ' ಎಂಬ ಚೌಕವೊಂದು ಬಂದಿತ್ತು. ನಾನದನ್ನು ಖಾಲಿ ಬಿಟ್ಟು ಮುಂದೆ ಹೋಗಿದ್ದೆ. ಕಂಪನಿ ವಿಮೆ ಇಳಿಸಿದ್ದು 2017ರಲ್ಲಿ ಕಾರ್ಖಾನೆಯಿಂದ ಹೊರಬಂದ ಕಾರಿಗೆ. ನಾನು ಓಡಿಸುತ್ತಿದ್ದುದು ಬೇರೆಯದು.

ಗ್ಯಾರೇಜಿನ ಎಸ್ಟಿಮೇಟ್ ಜಿಎಸ್‌ಟಿ ಸೇರಿ ₹30,600. ಬಂಪರ್ 3,200, ಹೆಡ್‌ಲೈಟ್ 5,400, ಗ್ರಿಲ್ 1,800, ಕ್ಲಿಪ್ಪು ಬ್ರ್ಯಾಕೆಟ್ಟುಗಳು 600, ಫೆಂಡರ್ 2,600, ಪೇಂಟಿಂಗ್ 10,400, ಟಿಂಕರಿಂಗ್ ಮತ್ತು ಜೋಡಣೆ 4,200, ಫಾಗ್ ಲೈಟ್ 2,400. ಸರ್ವೇಯರ್ ಪೆನ್ನು ಮೊದಲು ಫಾಗ್ ಲೈಟನ್ನು ಹೊಡೆಯಿತು. ಆಮೇಲೆ ಸವಕಳಿ, ಅಂದರೆ ಭಾಗಗಳು ಬಳಸಿ ಸವೆದಿವೆ ಎಂದು ಮಾಡುವ ಕಡಿತ. ಪ್ಲಾಸ್ಟಿಕ್ ಮತ್ತು ರಬ್ಬರಿಗೆ ವಯಸ್ಸು ಎಷ್ಟೇ ಇರಲಿ ಅರ್ಧ ಕಡಿತ. ಬಂಪರ್, ದೀಪ, ಗ್ರಿಲ್, ಕ್ಲಿಪ್ಪು ಎಲ್ಲ ಸೇರಿ 5,500 ಹೋಯಿತು. ಐದರಿಂದ ಹತ್ತು ವರ್ಷದ ಕಾರಿನ ಲೋಹದ ಭಾಗಕ್ಕೆ ಶೇ 40, ಅಂದರೆ ಫೆಂಡರಿನಲ್ಲಿ 1,040. ಬಣ್ಣದ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ, 1,300. ಕೊನೆಗೆ 1500 ಸಿಸಿಯೊಳಗಿನ ಕಾರಿನ ಮಾಲೀಕರು ಪ್ರತಿ ಕ್ಲೇಮಿಗೂ ಕೈಯಿಂದ ಹಾಕಲೇಬೇಕಾದ ಒಂದು ಸಾವಿರ. ನನ್ನ ಪಾಲು ₹11,240, ಅವರದು ₹19,360. ಜನ ಬಂಪರ್ ಟು ಬಂಪರ್ ಎನ್ನುವ ಸವಕಳಿರಹಿತ ವಿಮೆ ಇದ್ದಿದ್ದರೆ ಇದರಲ್ಲಿ ಹೆಚ್ಚಿನದು ಉಳಿಯುತ್ತಿತ್ತು. ಏಳು ವರ್ಷದ ಕಾರಿಗೆ ನನ್ನ ಕಂಪನಿ ಅದನ್ನು ಕೊಡುತ್ತಲೇ ಇರಲಿಲ್ಲ.

"ನೋ ಕ್ಲೇಮ್ ಬೋನಸ್ ಹೋಗುತ್ತದೆ, ಯೋಚಿಸಿ" ಎಂದು ಸರ್ವೇಯರ್ ಹೇಳಿದ್ದಕ್ಕೆ ಆ ರಾತ್ರಿ ಮತ್ತೆ ಕಾಗದ ಹಿಡಿದು ಕುಳಿತೆ. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯೇ ಈ ಬೋನಸ್. ನಮ್ಮ ಕಾರಿಗೇ ಆಗುವ ಹಾನಿಗೆಂದು ಕಟ್ಟುವ ಪ್ರೀಮಿಯಂ, ಬೋನಸ್ ಕಳೆಯುವ ಮುನ್ನ, ಸುಮಾರು ಐದು ಸಾವಿರ. ನನಗಿದ್ದ ಶೇ 50ರ ಬೋನಸ್ ಸೊನ್ನೆಗೆ ಇಳಿದು, ಮುಂದೆ 20, 25, 35, 45 ಎಂದು ಮೆಟ್ಟಿಲು ಹತ್ತಿ ಮತ್ತೆ ಐವತ್ತು ತಲುಪಬೇಕು. ಅಷ್ಟರಲ್ಲಿ ಹೆಚ್ಚುವರಿ ಕಟ್ಟುವುದು 2,500, 1,500, 1,250, 750, 250. ಒಟ್ಟು 6,250. ಕಳೆದರೂ ಹದಿಮೂರು ಸಾವಿರ ಚಿಲ್ಲರೆ ಲಾಭ. ಕ್ಲೇಮ್ ಮಾಡಿದೆ. ಬಿಲ್ಲು ಏಳೆಂಟು ಸಾವಿರದ್ದಾಗಿದ್ದರೆ ಸುಮ್ಮನೆ ಕೈಯಿಂದ ಕೊಟ್ಟುಬಿಡುತ್ತಿದ್ದೆ. ಸಣ್ಣ ಗೀರಿಗೆಲ್ಲ ಕ್ಲೇಮ್ ಮಾಡುವ ನಮ್ಮ ಸಹೋದ್ಯೋಗಿಗಳು ಈ ಕೂಡುಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಹೆಡ್‌ಲೈಟ್ ಬರಲು ಹನ್ನೊಂದು ದಿನ ಹಿಡಿಯಿತು. ಬೆಳ್ಳಿಬಣ್ಣ ಕೊಂಚ ಹೆಚ್ಚೇ ಬೆಳ್ಳಿಯಾಗಿದೆ, ಬಿಸಿಲಿನಲ್ಲಿ ಎಡ ಫೆಂಡರ್ ಮಾತ್ರ ಹೊಸ ಮದುಮಗನಂತೆ ಕಾಣುತ್ತದೆ. ಎಲ್‌ಇಡಿ ಹೋಯಿತು, ಎರಡೂ ಕಡೆ ಹಳದಿ ಬೆಳಕಿನ ಹ್ಯಾಲೊಜೆನ್ ಬಂದು ಕುಳಿತಿದೆ. ಸ್ಟೀರಿಯೊ ಉಳಿಸಿಕೊಂಡಿದ್ದೇನೆ, ರಿವರ್ಸ್ ಕ್ಯಾಮೆರಾ ಇಲ್ಲದೆ ನಮ್ಮ ಗೇಟಿನೊಳಗೆ ಕಾರು ಹಾಕುವುದು ಈಗ ಮರೆತೇಹೋಗಿದೆ.

ಮರುವರ್ಷದ ಮಾರ್ಚ್‌ನಲ್ಲಿ ನವೀಕರಣಕ್ಕೆ ಕುಳಿತಾಗ ಆ ಚೌಕಕ್ಕೆ ಕಾದಿದ್ದೆ. ಸ್ಟೀರಿಯೊ, ಕ್ಯಾಮೆರಾ ಸೇರಿ ಹದಿನೆಂಟು ಸಾವಿರ ಎಂದು ತುಂಬಿದೆ. ಅದರ ಶೇ 4, ಅಂದರೆ 720 ರೂಪಾಯಿ ಹೆಚ್ಚಾಯಿತು. ಆಗಲಿ ಎಂದೆ. ಮುಂದಿನ ಪುಟ ಬಿಲ್ಲು ಕೇಳಿತು. ಹುಡುಕಿದೆ. ಸಿಕ್ಕಿದ್ದು ಒಂದು ಚೀಟಿ, ಅದರ ಮೇಲೆ ಅಂಗಡಿಯ ಹೆಸರಿಲ್ಲ, 'ಸೆಟ್ 1' ಎಂದು ಪೆನ್ಸಿಲಿನಲ್ಲಿ ಬರೆದಿದೆ. ಅಕ್ಕನ ಮಗನಿಗೆ ಫೋನು ಹಚ್ಚಿ, "ಸರಿಯಾದ ಬಿಲ್ಲು ಏಕೋ ತೆಗೆದುಕೊಳ್ಳಲಿಲ್ಲ?" ಎಂದು ದಬಾಯಿಸಿದೆ.

"ಚಿಕ್ಕಮ್ಮ, ಬಿಲ್ಲು ಬೇಕಾದರೆ ಜಿಎಸ್‌ಟಿ ಸೇರಿಸುತ್ತೇನೆ ಎಂದು ಅವನು ಹೇಳಿದಾಗ, ಬೇಡ ಬೇಡ ಎಂದವರು ನೀವೇ" ಎಂದ.