ಮೂರು ಸಲ ತೊಳೆದ ಇಜಿಆರ್ ವಾಲ್ವ್

ಬಳ್ಳಾರಿಯಲ್ಲಿ ಡೀಸೆಲ್ ಗಾಡಿಗಳ ಕೆಲಸಕ್ಕೆ ಕೈಹಾಕಿ ನನಗೆ ಹದಿನೆಂಟು ವರ್ಷಗಳಾದವು. ಈ ಅವಧಿಯಲ್ಲಿ ಬಿಚ್ಚಿ ತೊಳೆದ, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವ್‌ಗಳ ಲೆಕ್ಕ ಇಟ್ಟಿಲ್ಲ. ಆದರೆ ಒಂದೇ ಗಾಡಿಯ ವಾಲ್ವನ್ನು ಐದು ತಿಂಗಳಲ್ಲಿ ಮೂರು ಸಲ ಬಿಚ್ಚಿದ ಪ್ರಸಂಗವೊಂದು ಮರೆತಿಲ್ಲ, ಏಕೆಂದರೆ ಮೊದಲ ಎರಡು ಸಲವೂ ತಪ್ಪು ನನ್ನದೇ ಆಗಿತ್ತು.

ಅದು 2011ರ ಮಾದರಿಯ ಏಳು ಸೀಟಿನ ಎಸ್‌ಯುವಿ. ಒಂದು ಲಕ್ಷ ಎಂಬತ್ತು ಸಾವಿರ ಕಿಲೋಮೀಟರ್ ಓಡಿತ್ತು, ಸಂಡೂರು ಕಡೆಯ ಅದಿರು ಗಣಿಯೊಂದಕ್ಕೆ ಬಾಡಿಗೆಗೆ ಹೋಗುತ್ತಿತ್ತು. ಬೆಳಿಗ್ಗೆ ಕುಡತಿನಿ, ತೋರಣಗಲ್ಲು ದಾಟಿ ಹೋದರೆ ಊರಿಗೆ ಮರಳುವುದು ಸಂಜೆಗೆ. ನಡುವೆ ಸಾಹೇಬರು ಆಫೀಸಿನಲ್ಲಿ ಕೂತಿರುವಷ್ಟು ಹೊತ್ತೂ ಎಂಜಿನ್ ಆರಿಸದೆ, ಎ.ಸಿ. ಹಾಕಿಕೊಂಡು ಗಾಡಿ ನಿಂತಲ್ಲೇ ನಿಂತಿರುತ್ತಿತ್ತು. ನಮ್ಮ ಕಡೆಯ ಏಪ್ರಿಲ್ ತಿಂಗಳ ಬಿಸಿಲು ಕಂಡವರು ಇದಕ್ಕಾಗಿ ಡ್ರೈವರನನ್ನು ದೂರಲಾರರು. ಆದರೆ ಇಜಿಆರ್ ಕೆಡಲು ಇದಕ್ಕಿಂತ ಒಳ್ಳೆಯ ದಿನಚರಿ ಬೇಕಿಲ್ಲ.

ಎಂಜಿನ್ನಿನಿಂದ ಹೊರಟ ಹೊಗೆಯಲ್ಲಿ ಒಂದು ಪಾಲನ್ನು ಹಿಂದಕ್ಕೆ ತಿರುಗಿಸಿ, ಹೊಸ ಗಾಳಿಯೊಂದಿಗೆ ಬೆರೆಸಿ ಮತ್ತೆ ಸಿಲಿಂಡರಿಗೆ ಕಳಿಸುವುದು ಈ ವಾಲ್ವ್‌ನ ಕೆಲಸ. ಒಮ್ಮೆ ಉರಿದ ಅನಿಲದಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಉರಿಯ ಕಾವು ತಗ್ಗುತ್ತದೆ, ಕಾವು ತಗ್ಗಿದರೆ ನೈಟ್ರೋಜನ್ ಆಕ್ಸೈಡ್‌ಗಳು ಹುಟ್ಟುವುದೂ ತಗ್ಗುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿಗೆ ಗಾಳಿಯೆಲ್ಲ ಬೇಕಾಗುವುದರಿಂದ ವಾಲ್ವ್ ಮುಚ್ಚಿಕೊಳ್ಳುತ್ತದೆ, ಹಗುರವಾಗಿ ಓಡುವಾಗ ತೆರೆದುಕೊಳ್ಳುತ್ತದೆ. ಹೀಗಾಗಿ ನಿಧಾನ ಓಡುವ, ನಿಂತು ಉರಿಯುವ ಗಾಡಿಯಲ್ಲೇ ಮಸಿ ಹೆಚ್ಚು ಕೂರುತ್ತದೆ. ಬರಿಯ ಮಸಿಯಾದರೆ ಕೊಡವಿದರೆ ಹೋದೀತು. ಕ್ರ್ಯಾಂಕ್‌ಕೇಸಿನ ಬ್ರೀದರ್ ಪೈಪಿನಿಂದ ಬರುವ ಎಣ್ಣೆಯ ಆವಿ ಅದರ ಮೇಲೆ ಕೂತು, ಎರಡೂ ಕಲೆತು ಡಾಂಬರಿನಂತಾಗುತ್ತದೆ.

ಮೊದಲ ಸಲ ಗಾಡಿ ಬಂದಾಗ ಏರಿನಲ್ಲಿ ಪಿಕಪ್ ಇರಲಿಲ್ಲ, ಕಪ್ಪು ಹೊಗೆ ಬರುತ್ತಿತ್ತು, ನಿಂತಲ್ಲಿ ಎಂಜಿನ್ ನಡುಗುತ್ತಿತ್ತು. ಗಾಡಿಯ ದೋಷ ಓದುವ ಸ್ಕ್ಯಾನರ್ ಹಾಕಿದರೆ ಪಿ0402 ಎಂಬ ಕೋಡ್ ಬಂತು, ಅಂದರೆ ಇಜಿಆರ್ ಹರಿವು ಅಗತ್ಯಕ್ಕಿಂತ ಹೆಚ್ಚು. ವಾಲ್ವ್ ಬಿಚ್ಚಿದೆ. ಪಿನ್ನಿನ ಸುತ್ತ ಮಸಿ ಕಟ್ಟಿ, ಬಾಯಿ ಪೂರ್ತಿ ಮುಚ್ಚದಂತಾಗಿತ್ತು. ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆ, ಗಾಡಿ ಚೆನ್ನಾಗಿ ಓಡಿತು. ಎರಡು ತಿಂಗಳಿಗೆ ಅದೇ ದೂರು, ಅದೇ ಕೋಡ್. ಡ್ರೈವರ್ ಗಾಡಿ ಆರಿಸದೆ ನಿಲ್ಲಿಸುವುದೇ ಕಾರಣವೆಂದು ಅವನಿಗೆ ಎರಡು ಮಾತು ಹೇಳಿ ಮತ್ತೆ ತೊಳೆದು ಕಳಿಸಿದೆ. ಹೇಳಿದ ಮಾತು ಸುಳ್ಳಲ್ಲ. ಆದರೆ ಅದೇ ಗಣಿಗೆ, ಅದೇ ರೀತಿ ಓಡುವ ಬೇರೆ ಗಾಡಿಗಳ ವಾಲ್ವ್ ಎರಡೇ ತಿಂಗಳಿಗೆ ಕಟ್ಟಿಕೊಳ್ಳುತ್ತಿರಲಿಲ್ಲ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು.

ಮೂರನೆಯ ಸಲ ಮಾಲೀಕರೇ ಬಂದರು. "ಪ್ಲೇಟ್ ಹೊಡ್ದು ಮುಚ್ಚಿಬಿಡ್ರಿ ಅಣ್ಣ, ತಲಿನೋವರ ಹೋಗ್ಲಿ" ಎಂದರು. ಇಜಿಆರ್ ದಾರಿಗೆ ಅಡ್ಡಲಾಗಿ ತಗಡಿನ ಪಟ್ಟಿ ಇಟ್ಟು ಬೋಲ್ಟ್ ಬಿಗಿಯುವ ಈ ಉಪಾಯ ನಮ್ಮ ಕಡೆ ಹೊಸದೇನಲ್ಲ. ಹಾಗೆ ಮಾಡಿದ ಗಾಡಿಯ ಕಪ್ಪು ಹೊಗೆ ಕಡಿಮೆಯಾಗುವುದೂ ಉಂಟು. ಡೀಸೆಲ್ ಗಾಡಿಯ ಮಾಲಿನ್ಯ ತಪಾಸಣೆಯಲ್ಲಿ ಅಳೆಯುವುದು ಹೊಗೆಯ ಸಾಂದ್ರತೆಯನ್ನೇ ಹೊರತು ನೈಟ್ರೋಜನ್ ಆಕ್ಸೈಡನ್ನಲ್ಲವಾದ್ದರಿಂದ ಸರ್ಟಿಫಿಕೇಟೂ ಸಿಗುತ್ತದೆ. ಕಣ್ಣಿಗೆ ಕಾಣದ ವಿಷವನ್ನು ಊರಿಗೆ ಬಿಟ್ಟು ಕಾಣುವ ಹೊಗೆಯನ್ನು ಮಾತ್ರ ಕಡಿಮೆ ಮಾಡುವ ಈ ಕೆಲಸ ನನಗೆ ಒಪ್ಪಿಗೆಯಿಲ್ಲ, ಕಾನೂನಿಗೂ ಒಪ್ಪಿಗೆಯಿಲ್ಲ. ಮಾಲೀಕರಿಗೆ ಒಂದು ದಿನ ಕೊಡಿ ಎಂದು ಕೇಳಿಕೊಂಡೆ.

ಈ ಸಲ ಸ್ಪ್ಯಾನರ್ ಮುಟ್ಟದೆ, ಸ್ಕ್ಯಾನರ್ ಸಿಕ್ಕಿಸಿಕೊಂಡು ತೋರಣಗಲ್ಲಿನ ತನಕ ಓಡಿಸಿದೆ. ನಿಂತಾಗ ಅಂಕಿಗಳೆಲ್ಲ ನೆಟ್ಟಗಿದ್ದವು. ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಎದ್ದಕೂಡಲೇ ಎರಡು ಸಂಗತಿ ಒಟ್ಟಿಗೆ ಕಂಡವು: ಒಳಗೆ ಬಂದ ಗಾಳಿಯ ಅಳತೆ ಎಂಜಿನ್ ಕೇಳಿದ್ದಕ್ಕಿಂತ ಹೆಚ್ಚು, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡ ಮಾತ್ರ ಕೇಳಿದ್ದಕ್ಕಿಂತ ಕಡಿಮೆ. ಬಂದ ಗಾಳಿ ನಡುದಾರಿಯಲ್ಲೇ ಎಲ್ಲೋ ಹೋಗುತ್ತಿದೆ ಎಂದಾಯಿತು.

ಗಾಡಿಯನ್ನು ಪಿಟ್ಟಿನ ಮೇಲೆ ನಿಲ್ಲಿಸಿ, ಎಂಜಿನ್ ಆರಿದ ಮೇಲೆ ಕೆಳಗಿಳಿದೆ. ಗಣಿಗೆ ಹೋಗುವ ಗಾಡಿಯ ಅಡಿಭಾಗವೆಲ್ಲ ಕೆಂಪೇ ಇರುತ್ತದೆ, ಆ ಕೆಂಪನ್ನು ನೋಡಿ ನೋಡಿ ನನ್ನ ಕಣ್ಣು ಜಡ್ಡುಗಟ್ಟಿತ್ತು. ಬೆರಳಾಡಿಸಿದ ಕಡೆಯೆಲ್ಲ ಅದಿರಿನ ಧೂಳು ಪುಡಿಪುಡಿಯಾಗಿ ಉದುರಿತು. ಟರ್ಬೊದಿಂದ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸಿನ ಅಡಿಯಲ್ಲಿ, ಕ್ಲಾಂಪಿನಿಂದ ಎರಡು ಬೆರಳು ಈಚೆಗೆ, ಅಂಗೈಯಗಲದ ಒಂದು ಜಾಗದಲ್ಲಿ ಮಾತ್ರ ಅದು ಉದುರಲಿಲ್ಲ. ಎಣ್ಣೆಯಲ್ಲಿ ಕಲಸಿದ ಕುಂಕುಮದಂತೆ ಮೆತ್ತಗೆ ಬೆರಳಿಗೆ ಹತ್ತಿತು. ಅರಿವೆಯಿಂದ ಒರೆಸಿದರೆ ಅಲ್ಲಿ ಏನೂ ಇಲ್ಲ, ನುಣ್ಣಗಿನ ಕಪ್ಪು ರಬ್ಬರ್. ಎರಡೂ ಕೈಯಿಂದ ಹೋಸನ್ನು ಹಿಡಿದು ಬಗ್ಗಿಸಿದಾಗ ಒಂದೂವರೆ ಇಂಚಿನ ಸೀಳು ತುಟಿ ಬಿಚ್ಚಿದ ಹಾಗೆ ಬಾಯಿ ತೆರೆಯಿತು. ಒತ್ತಡವಿಲ್ಲದಾಗ ಮುಚ್ಚಿಕೊಂಡು, ಒತ್ತಡ ಬಂದಾಗಷ್ಟೇ ತೆರೆಯುವ ಸೀಳಾದ್ದರಿಂದ ನಿಂತ ಗಾಡಿಯಲ್ಲಿ ಅದು ಎರಡು ಸಲವೂ ನನ್ನ ಕಣ್ಣು ತಪ್ಪಿಸಿತ್ತು.

ಗಾಳಿ ಅಳೆಯುವ ಸೆನ್ಸರ್ ಇರುವುದು ಟರ್ಬೊಗಿಂತ ಮೊದಲು, ಸೀಳು ಇದ್ದದ್ದು ಟರ್ಬೊ ಆದ ಮೇಲೆ. ಲೆಕ್ಕಕ್ಕೆ ಸಿಕ್ಕ ಗಾಳಿಯಲ್ಲಿ ಒಂದು ಪಾಲು ಸಿಲಿಂಡರನ್ನು ತಲುಪುವ ಮೊದಲೇ ಹೊರಗೆ ಹೋಗುತ್ತಿತ್ತು. ಎಂಜಿನ್ನನ್ನು ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಅದನ್ನು ಕಾಣಲಾರದು. ಹೊಸ ಗಾಳಿ ಹೆಚ್ಚಾಯಿತೆಂದು ಬಗೆದು ಅದನ್ನು ತಗ್ಗಿಸಲು ಇಜಿಆರ್ ಬಾಗಿಲನ್ನು ಇನ್ನಷ್ಟು ತೆರೆಯುತ್ತದೆ, ಇಲ್ಲದ ಗಾಳಿಗೆ ತಕ್ಕಂತೆ ಡೀಸೆಲ್ಲನ್ನೂ ಕೊಡುತ್ತದೆ. ಗಾಳಿ ಸಾಲದೆ ಉರಿದ ಡೀಸೆಲ್ ಮಸಿಯಾಗುತ್ತದೆ, ಆ ಮಸಿ ಅಗಲವಾಗಿ ತೆರೆದ ಅದೇ ಬಾಗಿಲಿನಿಂದ ಹಿಂದಕ್ಕೆ ಬರುತ್ತದೆ. ನಾನು ಎರಡು ಸಲ ತೊಳೆದದ್ದು ಸೋರುವ ಮನೆಯ ನೆಲವನ್ನು, ಮಾಡಿನ ಕಡೆ ತಲೆ ಎತ್ತಿರಲಿಲ್ಲ.

ಹೋಸ್ ಬದಲಿಸಿದ ಮೇಲೆ ವಾಲ್ವನ್ನು ಮೂರನೆಯ ಸಲ ಬಿಚ್ಚಿದೆ. ಈ ಕೆಲಸದ ಬಗ್ಗೆ ಹೊಸ ಹುಡುಗರಿಗೆ ನಾನು ಹೇಳುವುದು ಇಷ್ಟು. ಎಂಜಿನ್ ತಣ್ಣಗಾಗಿರಬೇಕು, ಬ್ಯಾಟರಿಯ ನೆಗೆಟಿವ್ ಬಿಚ್ಚಿರಬೇಕು. ವಿದ್ಯುತ್ತಿನಿಂದ ನಡೆಯುವ ವಾಲ್ವಾದರೆ ಮೋಟರಿನ ಭಾಗವನ್ನು ಮೇಲ್ಮುಖವಾಗಿ ಹಿಡಿದು ಕ್ಲೀನರ್ ಹೊಡೆಯಬೇಕು, ಇಡೀ ವಾಲ್ವನ್ನು ಡಬ್ಬಿಯಲ್ಲಿ ಮುಳುಗಿಸಿಟ್ಟರೆ ಮಸಿಯ ಜೊತೆಗೆ ಮೋಟರೂ ಹೋಗುತ್ತದೆ. ಪಿನ್ ಅಲುಗದಿದ್ದರೆ ಸ್ಕ್ರೂ ಡ್ರೈವರ್ ಹಾಕಿ ಮೀಟಬಾರದು, ಕ್ಲೀನರ್ ಹೊಡೆದು ಒಂದು ಚಹಾ ಕುಡಿದು ಬಂದರೆ ತಾನೇ ಸಡಿಲಾಗುತ್ತದೆ. ಬಾಯಿ ಕೂರುವ ಅಂಚನ್ನು ನೈಲಾನ್ ಬ್ರಷ್ಷಿನಿಂದಷ್ಟೇ ಉಜ್ಜಬೇಕು, ಅಲ್ಲಿ ಒಂದು ಗೀರು ಬಿದ್ದರೂ ಹೊಗೆ ನುಸುಳಲು ಅಷ್ಟು ಸಾಕು. ಎಂಜಿನ್ ಓಡುತ್ತಿರುವಾಗ ಇನ್‌ಟೇಕಿನೊಳಗೆ ಕ್ಲೀನರ್ ಸುರಿಯುವ ಅಭ್ಯಾಸವಂತೂ ಬೇಡವೇ ಬೇಡ, ಡೀಸೆಲ್ ಎಂಜಿನ್ ಅದನ್ನೇ ಇಂಧನ ಮಾಡಿಕೊಂಡು ಕೀ ತೆಗೆದರೂ ನಿಲ್ಲದೆ ಓಡಬಹುದು. ಮಾಸ್ಕು, ಗ್ಲೌಸು ಹಾಕಿ ಎಂದರೆ ಹುಡುಗರು ನಗುತ್ತಾರೆ. ಡೀಸೆಲ್ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಕೂರಿಸಿದ ಮೇಲೆ ಸ್ಕ್ಯಾನರಿನಿಂದ ವಾಲ್ವ್‌ಗೆ ಅದರ ಮುಚ್ಚಿದ ಸ್ಥಾನವನ್ನು ಮತ್ತೆ ಕಲಿಸಿದೆ. ಹಿಂದಕ್ಕೆ ಬರುವ ಹೊಗೆಯನ್ನು ಕೂಲೆಂಟಿನಿಂದ ತಣಿಸುವ ಇಜಿಆರ್ ಕೂಲರ್ ಒಳಗೆ ಸೋರುತ್ತಿದೆಯೇ ಎಂದು ಕೂಲೆಂಟಿನ ಮಟ್ಟ ನೋಡಿದೆ, ಅದು ಸರಿಯಿತ್ತು. ಹೋಸಿನ ಬೆಲೆ ನಾನು ಮೊದಲೆರಡು ಸಲ ಪಡೆದ ಕೂಲಿಗಿಂತ ಕಡಿಮೆಯೇ ಇತ್ತು. ಎರಡನೆಯ ಸಲದ ಕೂಲಿಯನ್ನು ಈ ಬಿಲ್ಲಿನಲ್ಲಿ ಕಳೆದು, ಏಕೆ ಕಳೆದೆನೆಂಬುದನ್ನು ಮಾಲೀಕರಿಗೆ ಹೇಳಿದೆ. ಡ್ರೈವರನಿಗೂ ಹೇಳಬೇಕಾಗಿತ್ತು, ಹೇಳಿದೆ. ಅವನು ನಕ್ಕು ಸುಮ್ಮನಾದ.

ಹದಿನಾಲ್ಕು ಸಾವಿರ ಕಿಲೋಮೀಟರ್ ಆದ ಮೇಲೆ ಸರ್ವಿಸಿಗೆ ಬಂದಾಗ, ಯಾರೂ ದೂರು ಹೇಳದಿದ್ದರೂ, ನನ್ನ ಸಮಾಧಾನಕ್ಕಾಗಿ ವಾಲ್ವ್ ಬಿಚ್ಚಿ ನೋಡಿದೆ. ಒಳಗೆ ಒಣ ಮಸಿಯ ತೆಳು ಪದರವಿತ್ತು, ಅರಿವೆಯಲ್ಲಿ ಒರೆಸಿದರೆ ಹೋಯಿತು. ಗ್ಯಾಸ್ಕೆಟಿನ ದುಡ್ಡು ಮಾತ್ರ ಬಿಲ್ಲಿಗೆ ಸೇರಿಸಿದೆ.