ಎರೆಮಣ್ಣಿನ ಸುಳ್ಳು ಮರಳು: ಜಾಡಿ ಪರೀಕ್ಷೆ, ಮೂರನೇ ಸುತ್ತು

ಜಾಡಿ ಪರೀಕ್ಷೆಯೆಂದರೆ ಮಣ್ಣನ್ನು ನೀರಲ್ಲಿ ಕಲಕಿಟ್ಟು, ಅದರಲ್ಲಿ ಮರಳೆಷ್ಟು, ಜೇಡಿಯೆಷ್ಟು ಎಂದು ನೋಡುವುದು. ಎರಡು ಸುತ್ತು ನೀರುಪಾಲಾದ ಮೇಲೆ ವಿಜಯಪುರದ ಎರೆಮಣ್ಣು ಕೊನೆಗೂ ಬಾಯಿಬಿಟ್ಟಿದೆ. ಒಣಗಿಸುವುದು, ಕುಟ್ಟುವುದು, 2 ಮಿ.ಮೀ. ಜರಡಿ ಹಿಡಿಯುವುದು ಎಲ್ಲ ಮಾಮೂಲಿ, ಬಿಡಿ. ತಕರಾರು ಇದ್ದದ್ದು ಒಂದೇ: ಕಲಕಿಟ್ಟ ನೀರು ಅರ್ಧ ಗಂಟೆಗೆಲ್ಲ ತಿಳಿಯಾಗಿ, ತಳದಲ್ಲಿ ದಪ್ಪನೆಯ ‘ಮರಳು’ ಕೂರುತ್ತಿತ್ತು.

ಬಸಾಲ್ಟಿನಿಂದ ಆದ ಮಣ್ಣಿಗೆ ಅಷ್ಟು ಮರಳು ಎಲ್ಲಿಂದ ಬರಬೇಕು? ಆ ಕಲ್ಲಿನಲ್ಲಿ ಮರಳಾಗುವ ಬೆಣಚು ಇಲ್ಲವೆಂದೇ ಹೇಳಬಹುದು. ಫೆಲ್ಡ್‌ಸ್ಪಾರ್, ಪೈರಾಕ್ಸೀನ್‌ ಖನಿಜಗಳು ಶಿಥಿಲವಾಗಿ ಸ್ಮೆಕ್ಟೈಟ್ ಜೇಡಿಯಾಗುತ್ತವೆ. ಕೋಲಾರದ ಕೆಮ್ಮಣ್ಣಿನಲ್ಲಿ ಮರಳು ಕಂಡರೆ ಒಪ್ಪಬಹುದು, ಅದರ ತಾಯಿಬಂಡೆ ಬೆಣಚು ಇರುವ ‘ನೈಸ್’ ಎಂಬ ಕಲ್ಲು. ಅನುಮಾನ ಬಂದು ತಳದ ‘ಮರಳನ್ನು’ ಒದ್ದೆಯಿದ್ದಾಗಲೇ ಬೆರಳಲ್ಲಿ ತಿಕ್ಕಿದರೆ ಬೆಣ್ಣೆ ಸವರಿದ ಹಾಗೆ ಹರಡಿತು. ಮರಳಲ್ಲ, ಉಂಡೆಗಟ್ಟಿದ ಜೇಡಿ.

ಜೇಡಿಯ ಹಾಳೆಗಳಿಗೆ ಋಣ ವಿದ್ಯುದಂಶ. ಒಂದನ್ನೊಂದು ದೂಡಿಕೊಂಡು ತೇಲಬೇಕು. ನಡುವೆ ಕ್ಯಾಲ್ಸಿಯಂ ನುಸುಳಿದರೆ ಎಲ್ಲ ಅಂಟಿಕೊಂಡು ದಡಬಡ ಮುಳುಗುತ್ತವೆ. ಮೊದಲ ಸುತ್ತಿನಲ್ಲಿ ಕ್ಯಾಲ್ಸಿಯಂ ಬಂದದ್ದು ಬೋರ್‌ವೆಲ್ ನೀರಿನಿಂದ, ಜೊತೆಗೆ ಮಣ್ಣಲ್ಲೇ ಇದ್ದ ಸುಣ್ಣದ ಗಂಟುಗಳಿಂದ.

ಎರಡನೇ ಸುತ್ತಿನ ಎಡವಟ್ಟು ಇನ್ನೂ ಚಂದ. ಸುಣ್ಣ ತೆಗೆಯಲು 20 ಗ್ರಾಂ ಮಣ್ಣಿಗೆ 0.2 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ 100 ಮಿ.ಲೀ. (ಸಾಂದ್ರ ಆಮ್ಲ 17 ಮಿ.ಲೀ. ಹಾಕಿ ಒಂದು ಲೀಟರ್ ಮಾಡಿದ್ದು, ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕಲ್ಲ). ಇಷ್ಟು ಆಮ್ಲ ಕರಗಿಸುವುದು ಒಂದು ಗ್ರಾಂ ಸುಣ್ಣವನ್ನು ಮಾತ್ರ. ಆಮೇಲೂ ನೊರೆ ಬರುತ್ತಿದ್ದರೆ ಇನ್ನಷ್ಟು ಬೇಕು. ಕರಗಿದ ಸುಣ್ಣ ಕ್ಯಾಲ್ಸಿಯಂ ಕ್ಲೋರೈಡ್ ಆಗಿ ಅಲ್ಲೇ ಕೂತಿರುತ್ತದೆ. ಒಂದೇ ಸಲ ತೊಳೆದರೆ ಕಳ್ಳನನ್ನು ಹಿಂಬಾಗಿಲಿಂದ ಒಳಗೆ ಕರೆದಂತೆ. ಡಿಸ್ಟಿಲ್ಡ್ ನೀರಲ್ಲಿ ತೊಳೆಯುತ್ತಲೇ ಇರಬೇಕು, ಮೇಲಿನ ನೀರು ತಾನಾಗಿ ಕದಡಲು ಶುರುವಾಗುವವರೆಗೆ. ಕದಡಿತೆಂದರೆ ಲವಣ ಹೋಯಿತು. ಅಲ್ಲಿಗೆ ನಿಲ್ಲಿಸಿ, ಇಲ್ಲದಿದ್ದರೆ ಜೇಡಿಯೂ ಚರಂಡಿ ಸೇರುತ್ತದೆ.

ಅದರ ಮೇಲೆ ರಾಸಾಯನಿಕ ಅಂಗಡಿಯವರ ಕೃಪೆ. ಕ್ಯಾಲ್ಸಿಯಂ ಹಿಡಿದು ಜೇಡಿಯನ್ನು ಬಿಡಿಬಿಡಿಯಾಗಿಸುವ ಪುಡಿ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್. ಅದರ ಪೊಟ್ಟಣದ ಮೇಲೆ ತಾರೀಕಿಲ್ಲ, ಒಳಗೆ ಅಚ್ಚುಬೆಲ್ಲದಂಥ ಗಟ್ಟಿ. ತೇವ ಹೀರಿದರೆ ಇದರ ಸರಪಳಿ ಒಡೆದು ಸಾದಾ ಫಾಸ್ಫೇಟ್ ಆಗುತ್ತದೆ, ಕ್ಯಾಲ್ಸಿಯಂ ಹಿಡಿಯುವ ಕಸುವು ಹೋಗುತ್ತದೆ. ‘ಎಲ್ಲಾ ಒಂದೇ ಸರ್’ ಅಂದರು. ಒಂದೇ ಅಲ್ಲ!

ಮೂರನೇ ಸುತ್ತಿಗೆ ಹೊಸ ಪುಡಿ: ಲೀಟರಿಗೆ 33 ಗ್ರಾಂ, ಜೊತೆಗೆ ಸೋಡಿಯಂ ಕಾರ್ಬೊನೇಟ್ 7 ಗ್ರಾಂ. ತಿಂಗಳಿಗಿಂತ ಹಳೆಯ ದ್ರಾವಣ ಬೇಡ. ಆಮ್ಲ ಹಾಕಿ ತೊಳೆದ ಮಣ್ಣನ್ನು ಈ ಹೊಸ ದ್ರಾವಣದ 100 ಮಿ.ಲೀ.ನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹತ್ತು ನಿಮಿಷ ಕಡೆದು (ಮಿಕ್ಸಿ ಜಾರ್ ಹಾಳಾಗುತ್ತದೆ, ಕಡಗೋಲು ಸಾಕು), ಒಂದು ಲೀಟರ್ ಸಿಲಿಂಡರಿಗೆ ತುಂಬಿದ್ದು. ಸಂಜೆಯಾದರೂ ನೀರು ಕೆಸರಿನ ಬಣ್ಣವೇ. ಇಷ್ಟು ಕೊಳಕು ನೀರು ನೋಡಿ ಇಷ್ಟು ಖುಷಿಪಡುವವರು ನಾವೇ ಇರಬೇಕು.

ಪಿಪೆಟ್ಟಿನಲ್ಲಿ 10 ಸೆಂ.ಮೀ. ಆಳದಿಂದ 20 ಮಿ.ಲೀ. ತೆಗೆಯುವ ಹೊತ್ತು ನೀರಿನ ಬಿಸಿಯ ಮೇಲೆ ನಿಂತಿದೆ. 2 ಮೈಕ್ರಾನ್ ಕಣ (ಇದಕ್ಕಿಂತ ಸಣ್ಣದ್ದೇ ಜೇಡಿ) ಅಷ್ಟು ಇಳಿಯಲು 20 ಡಿಗ್ರಿಯಲ್ಲಿ ಸುಮಾರು 7 ಗಂಟೆ 45 ನಿಮಿಷ ಬೇಕು, 30 ಡಿಗ್ರಿಯಲ್ಲಿ 6 ಗಂಟೆ 10 ನಿಮಿಷ ಸಾಕು. ಪರದೇಶದ ಕೋಷ್ಟಕ ನೋಡಿ ಎಂಟು ಗಂಟೆ ಕಾದರೆ ನಮ್ಮ ಬೇಸಿಗೆಯಲ್ಲಿ ಜೇಡಿ ಕಮ್ಮಿ ಬರುತ್ತದೆ.

ಇನ್ನೊಂದು ಗುಂಡಿ: ಆ 20 ಮಿ.ಲೀ.ನಲ್ಲಿ ನಾವೇ ಹಾಕಿದ ಪುಡಿ 0.08 ಗ್ರಾಂ ಇರುತ್ತದೆ. 105 ಡಿಗ್ರಿಯಲ್ಲಿ ಒಣಗಿಸಿದ ಬಟ್ಟಲಲ್ಲಿ 0.30 ಗ್ರಾಂ ಉಳಿದರೆ ಜೇಡಿ 0.22 ಮಾತ್ರ, ಅಂದರೆ ಲೀಟರಿಗೆ 11 ಗ್ರಾಂ, 20 ಗ್ರಾಂ ಮಣ್ಣಿನಲ್ಲಿ ಶೇ. 55. ಕಳೆಯಲು ಮರೆತರೆ ಶೇ. 75! ಮಿಲಿಗ್ರಾಂ ತೋರಿಸುವ ಚಿನ್ನದ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಕಾಯುವ ಆರು ತಾಸಿನಲ್ಲಿ ಮುಂದಿನ ಹುಚ್ಚು ಶುರುವಾಗಿದೆ: ಗೇಟಿನ ಮಾದರಿಯ ಅಡ್ಡ ಲೋಲಕದ ಭೂಕಂಪಮಾಪಕ. ಗಟ್ಟಿ ಬಸಾಲ್ಟ್ ನೆಲವೆಂದು ನೆಮ್ಮದಿಯಿಂದಿದ್ದ ಸೀಮೆಯಲ್ಲೇ 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿ ನಡುಗಿದ್ದು. ಮೇಲಿನ ತಿರುಗಣಿ ತುಸು ಮುಂದಕ್ಕೆ ವಾಲಿದ ಗೇಟು ನಿಧಾನ ತೂಗಾಡುತ್ತದಲ್ಲ, ಅದೇ ತತ್ವ. ವಾಲುವಿಕೆ ಕಮ್ಮಿಯಾದಷ್ಟೂ ತೂಗಾಟ ನಿಧಾನ. 15 ಸೆಕೆಂಡಿಗೆ ತರುವ ಆಸೆ. ಕಂಬಿ, ಅಯಸ್ಕಾಂತ ಬಂದಿವೆ, ಸುರುಳಿಯ ತಾಮ್ರದ ತಂತಿ ಮಾತ್ರ ‘ನಾಳೆ ಬರುತ್ತೆ’ ಅನ್ನುವ ಪಟ್ಟಿಯಲ್ಲೇ ಇದೆ. ಅಷ್ಟರಲ್ಲಿ ಅದೇ ಎರೆಮಣ್ಣನ್ನು ಆಮ್ಲ ಹಾಕದೆ, ಹೊಸ ಪುಡಿಯಲ್ಲಷ್ಟೇ ನೆನೆಸಿಟ್ಟದ್ದಾಗಿದೆ; ಅಷ್ಟೆಲ್ಲ ತೊಳೆಯುವ ಗೋಳು ನಿಜಕ್ಕೂ ಬೇಕಿತ್ತೇ ಎಂಬುದು ಅದರಲ್ಲಿ ತಿಳಿಯಬೇಕು.